ರಿಬ್ಬನ್ ಕಟ್ಟಿದ ಕಾಡುಭತ್ತ

ಹೆದರಬೇಕಾದ್ದಕ್ಕೆಲ್ಲ ಮುಂಚಿತವಾಗಿಯೇ ಹೆದರಿ ಮುಗಿಸಿಬಿಡುವುದು ಶಿವಗಂಗಾಳ ಸ್ವಭಾವ. ವಳಕಮದಿನ್ನಿಯ ಅಮರಗುಂಡಪ್ಪ ಸಾಹುಕಾರರ ಗದ್ದೆಯಲ್ಲಿ ಪಿಎಚ್.ಡಿ.ಯ ಕೊನೆಯ ಪ್ರಯೋಗ ಹೂಡುವ ಮೊದಲು ಅವಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಏನೇನು ಕೆಡಬಹುದೆಂದು ಬರೆದುಕೊಂಡಿದ್ದಳು. ಇಲಿ, ಗುಬ್ಬಿ, ದನ, ತಡವಾಗಿ ಬಿಡುವ ಕಾಲುವೆ ನೀರು, ಪಕ್ಕದ ಗದ್ದೆಗೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಬರುವುದು. ಒಂದೊಂದಕ್ಕೂ ಒಂದು ಉಪಾಯ ಹುಡುಕಿದ್ದಳು. ಈ ಅರ್ಧ ಎಕರೆಗೆ ಔಷಧಿ ಹೊಡೆಯುವುದಿಲ್ಲ, ಕಳೆ ತೆಗೆಸುವುದಿಲ್ಲ ಎಂದು ಸಾಹುಕಾರರಿಂದ ಬರೆಸಿಕೊಂಡು ಸಹಿಯನ್ನೂ ಹಾಕಿಸಿಕೊಂಡಿದ್ದಳು. ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬ್ಯಾಗಿನಲ್ಲೇ ಹೊತ್ತು ತಿರುಗುತ್ತಿದ್ದಳು.

ಅವಳ ಸಂಶೋಧನೆ ಕಾಡುಭತ್ತದ ಮೇಲೆ. ಬಿತ್ತಿದ ಭತ್ತದ ನಡುವೆ ತಾನೇ ಹುಟ್ಟಿ, ತೆನೆ ಬಿಡುವವರೆಗೂ ಒಳ್ಳೆಯ ಭತ್ತದ ಹಾಗೆಯೇ ಕಾಣುತ್ತಿದ್ದು, ಕೊಯ್ಲಿಗೆ ಮುಂಚೆಯೇ ಕಾಳುದುರಿಸಿ ಮುಂದಿನ ವರ್ಷಕ್ಕೆ ಮಣ್ಣಿನಲ್ಲಿ ಅಡಗಿಕೊಳ್ಳುವ ಕಳೆ ಅದು. ಯಾವ ಗಿಡ ಯಾವ ವಾರ ಎಷ್ಟು ಕಾಳು ಉದುರಿಸುತ್ತದೆ ಎಂಬುದನ್ನು ಅವಳು ಕಂಡುಹಿಡಿಯಬೇಕಿತ್ತು. ಇನ್ನೂರ ನಲವತ್ತು ಗಿಡಗಳನ್ನು ಆರಿಸಿ, ಪ್ರತಿಯೊಂದಕ್ಕೂ ನಂಬರು ಬರೆದ ಕೆಂಪು ರಿಬ್ಬನ್ ಕಟ್ಟಿದ್ದಳು. ಉದುರಿದ ಕಾಳು ಹಿಡಿಯಲು ತೆನೆಗೊಂದು ಸೊಳ್ಳೆಪರದೆ ಬಟ್ಟೆಯ ಚೀಲ. ಚೀಲಗಳನ್ನೆಲ್ಲ ಮಸ್ಕಿಯ ಮನೆಯಲ್ಲಿ ಅವ್ವನ ಹೊಲಿಗೆ ಮಷೀನಿನ ಮುಂದೆ ಕೂತು ತಾನೇ ಹೊಲಿದಿದ್ದಳು. ಪ್ರತಿ ಮಂಗಳವಾರ ಮಸ್ಕಿಯಿಂದ ಸಿಂಧನೂರಿಗೆ ಬಸ್ಸು, ಅಲ್ಲಿಂದ ವಳಕಮದಿನ್ನಿಗೆ ಟಂಟಂ ಆಟೋ, ಆಮೇಲೆ ಬದುವಿನ ಮೇಲೆ ನಡಿಗೆ. ಒಟ್ಟು ಎಂಟು ವಾರದ ಎಣಿಕೆಯಲ್ಲಿ ಐದು ವಾರ ಮುಗಿದಿತ್ತು. ಮಾರ್ಚಿಗೆ ಅವಳ ನೋಂದಣಿಯ ಅವಧಿ ತೀರುತ್ತಿತ್ತು. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಐದು ವರ್ಷದ ಓದು ನೀರುಪಾಲು.

ಆರನೆಯ ಮಂಗಳವಾರ ಬಂದು ನೋಡಿದರೆ ಗದ್ದೆಯಲ್ಲಿ ಒಂದೂ ಕೆಂಪು ಕಾಣಲಿಲ್ಲ.

ತಪ್ಪಿ ಬೇರೆ ಗದ್ದೆಗೆ ಬಂದೆನೇನೋ ಎಂದು ಅವಳು ತಿರುಗಿ ನೋಡಿದಳು. ಅದೇ ತೂಬು, ಅದೇ ಜಾಲಿ ಗಿಡ. ಗಿಡದ ನೆರಳಿನಲ್ಲಿ ಐದು ಜನ ಕೂಲಿ ಹೆಂಗಸರು ರೊಟ್ಟಿಗಂಟು ಬಿಚ್ಚಿಕೊಂಡು ಕುಳಿತಿದ್ದರು. ಅವರಲ್ಲಿ ನರೆಗೂದಲಿನ ಒಬ್ಬಳು ಸೆರಗಿಗೆ ಕೈಯೊರೆಸುತ್ತ ಎದ್ದು ಬಂದಳು. ಮುಖ ಅರಳಿತ್ತು.

"ಬಂದ್ಯಾ ಯವ್ವಾ? ನೋಡು, ನಿನ್ನ ಗದ್ದಿ ಹ್ಯಾಂಗ ಮಾಡೀವಿ. ಹುಡುಕಿದ್ರೂ ಒಂದು ಬೆರಕಿ ಸಿಗಂಗಿಲ್ಲ."

"ಯಾರು ಕಿತ್ತದ್ದು?" ಎಂದು ಕೇಳಿದಳು ಶಿವಗಂಗಾ.

"ನಾವ! ನಿನ್ನೆ ಸಂಜಿಮುಂದ ಬೀಜದ ಪ್ಲಾಟಿನ ಕೆಲಸ ಮುಗೀತು. ಹಾದ್ಯಾಗ ಹಂಗ ಇಳಿದ್ವಿ."

ಹಿಂದಿನಿಂದ ದಾವಲ್‌ಬೀ ಎಂಬಾಕೆ ರೊಟ್ಟಿ ಅಗಿಯುತ್ತಲೇ ಕೂಗಿದಳು. "ಈಕಿ ನಮ್ಮನ್ನ ಮನಿಗೆ ಹೋಗಾಕ ಬಿಡಲಿಲ್ಲ ನೋಡ್ರಿ. 'ಆ ಹುಡುಗಿ ಒಬ್ಬಾಕಿನ ಬಗ್ಗಿ ಬಗ್ಗಿ ಸೊಂಟ ಮುರಕೊಳ್ಳಾಕತ್ಯಾಳ, ಗುರ್ತು ಹಾಕಿ ಹೋಗ್ಯಾಳ, ಕೀಳಾಕ ಆಳಿಲ್ಲ, ನಡೀರಿ ಬೇ' ಅಂತ ಒಂದ ಸವನ ಗಂಟಲ ಹರಕೊಂಡ್ಲು. ಆಕಿ ಸೊಂಟ ಉಳೀತು, ನಮ್ಮವು ಹೋದ್ವು!"

ಉಳಿದವರು ನಕ್ಕರು.

ಶಿವಗಂಗಾಳಿಗೆ ನಿಧಾನವಾಗಿ ಅರ್ಥವಾಯಿತು. ಪಕ್ಕದಲ್ಲಿ ಸಾಹುಕಾರರು ಬೀಜ ಕಂಪನಿಗೆ ಬೆಳೆದು ಕೊಡುವ ಪ್ಲಾಟುಗಳಲ್ಲಿ ಆ ಕಂಪನಿಯ ಸೂಪರ್‌ವೈಜರ್ ಬಂದು ಬೆರಕೆ, ಎಂದರೆ ಬೇರೆ ಜಾತಿಯ, ಗಿಡಗಳಿಗೆ ರಿಬ್ಬನ್ ಕಟ್ಟಿ ಹೋಗುತ್ತಾನೆ. ಹಿಂದೆಯೇ ಈ ಹೆಂಗಸರು ಬಂದು ರಿಬ್ಬನ್ ಕಂಡಲ್ಲಿ ಕೀಳುತ್ತಾರೆ. ಹತ್ತಾರು ವರ್ಷದಿಂದ ಅವರು ಮಾಡುತ್ತ ಬಂದ ಕೆಲಸ ಅದು. ತೆನೆಗೆ ಕಟ್ಟಿದ ಚೀಲವೂ ಅವರಿಗೆ ವಿಚಿತ್ರವೆನಿಸಿರಲಿಲ್ಲ.

"ಚೀಲ ಕಟ್ಟಿದ್ದು ಭಾಳ ಚಲೋ ಮಾಡೀ," ಎಂದಳು ಆ ಹೆಂಗಸು. "ಕಾಳು ನೆಲಕ್ಕ ಬಿದ್ರ ಬರೋ ವರ್ಷ ಗದ್ದೀನೇ ಕೆಟ್ಟು ಹೋಗತೈತಿ. ಓದಿದ ಹುಡುಗಿ ಶಾಣೇಕಿ ಅದಾಳ ಅಂದೆ."

ಬುಟ್ಟಿಯಿಂದ ಅವಳು ಒಂದು ಗಂಟು ತೆಗೆದಳು. ಚೀಲಗಳನ್ನೆಲ್ಲ ಮಡಚಿ ಒಂದರ ಮೇಲೊಂದು ಜೋಡಿಸಿದ್ದಳು. ರಿಬ್ಬನ್‌ಗಳನ್ನು ಬಿಚ್ಚಿ, ಕಾಲುವೆಯಲ್ಲಿ ಉಜ್ಜಿ ತೊಳೆದು, ಒಣಗಿಸಿ, ಕೂದಲಿನ ಕುಚ್ಚಿನಂತೆ ಒಟ್ಟಿಗೆ ಕಟ್ಟಿದ್ದಳು. ನಂಬರುಗಳು ಮುಕ್ಕಾಲು ಅಳಿಸಿಹೋಗಿದ್ದವು. ಕೊನೆಗೆ ಒಂದು ಪಾಲಿಥಿನ್ ಚೀಲ. ಅದರಲ್ಲಿ ಇನ್ನೂರ ನಲವತ್ತು ಗಿಡಗಳ ಕಾಳು ಒಂದೇ ರಾಶಿಯಾಗಿತ್ತು.

"ಒಂದು ಕಾಳು ಚೆಲ್ಲಿಲ್ಲ ನೋಡವ್ವ."

ಶಿವಗಂಗಾ ಬದುವಿನ ಮೇಲೆ ಕುಳಿತುಬಿಟ್ಟಳು. ಕಿತ್ತ ಗಿಡಗಳನ್ನು ಅಲ್ಲೇ ಸಿವುಡು ಕಟ್ಟಿ ಒರಗಿಸಿದ್ದರು. ಯಾವುದು ಎಷ್ಟನೆಯ ಗಿಡವೋ ದೇವರಿಗೂ ಗೊತ್ತಾಗುವಂತಿರಲಿಲ್ಲ.

"ಕೀಳಬಾರದಿತ್ತು," ಎಂದಳು. "ನಾನು ಓದ್ತಾ ಇದ್ದದ್ದೇ ಅವನ್ನ. ಅವೇ ನನ್ನ ಪರೀಕ್ಷೆ. ಒಂದು ಮಾತು ಕೇಳಬೇಕಿತ್ತಲ್ಲ ನೀವು."

ಹೆಂಗಸರ ನಗು ನಿಂತಿತು. ನರೆಗೂದಲಿನವಳು ಅವಳ ಮುಂದೆ ಕುಕ್ಕುರುಗಾಲಲ್ಲಿ ಕುಳಿತಳು.

"ಕಳೇನ ಓದ್ತಾರೇನವ್ವ? ನಮಗ ಹ್ಯಾಂಗ ಗೊತ್ತಾಗಬೇಕು? ನೀ ಹೇಳಬೇಕಿತ್ತು. ಐದು ವಾರ ನಮ್ಮ ಮುಂದನ ಹಾದು ಹೋದಿ. 'ಉಂಡ್ಯಾ ತಂಗಿ' ಅಂದೆ, 'ಹೂಂ' ಅಂದಿ. ಮುಂದ ಒಂದು ಮಾತಿಲ್ಲ."

ನಿಜವಾಗಿತ್ತು. ಸಾಹುಕಾರರಿಗೆ ಹೇಳಿದ್ದಳು, ನೀರು ಬಿಡುವವನಿಗೆ ಹೇಳಿದ್ದಳು, ಔಷಧಿ ಅಂಗಡಿಯವನಿಗೂ ಹೇಳಿದ್ದಳು. ದಿನಾ ಆ ಬದುವಿನ ಮೇಲೆ ಓಡಾಡುವ ಈ ಐವರಿಗೆ ಹೇಳಬೇಕೆಂದು ಹೊಳೆದೇ ಇರಲಿಲ್ಲ.

"ಮತ್ತ ಹಚ್ಚಿ ಕೊಡೋಣೇನು?" ಎಂದು ಕೇಳಿದಳು ಆ ಹೆಂಗಸು, ಸಣ್ಣ ದನಿಯಲ್ಲಿ. ಒಣಗತೊಡಗಿದ ಗಿಡ ಮತ್ತೆ ನಿಲ್ಲುವುದಿಲ್ಲವೆಂದು ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಮರುದಿನ ಗೈಡ್ ಗುರುಬಸವ ಸರ್ ಎಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎರಡು ದಾರಿ ಅದಾವ ನೋಡಮ್ಮಾ. ಹೋದ ವರ್ಷದ ಅಂಕಿ ಐತಿ. ಉಳಿದ ಮೂರು ವಾರಕ್ಕ ಅದನ್ನ ಒಂಚೂರು ಹಿಂದ ಮುಂದ ಮಾಡಿ ಹಾಕು. ಯಾರು ಬಂದು ಎಣಸ್ತಾರ?"

"ಅದು ನನ್ನಿಂದ ಆಗಲ್ಲ ಸರ್." ಶಿವಗಂಗಾ ಥಟ್ಟನೆ ಹೇಳಿದಳು. ಹಾಗೆ ಹೇಳಿದ್ದಕ್ಕೆ ಒಳಗೊಳಗೇ ಹೆಮ್ಮೆಯೂ ಆಯಿತು.

"ಹಂಗಾದ್ರ ಆರು ತಿಂಗಳು ಅವಧಿ ಕೇಳು, ಬೇಸಿಗಿ ಬೆಳಿಯೊಳಗ ಮತ್ತ ಮಾಡು. ಆದ್ರ ಯೂನಿವರ್ಸಿಟಿ ಕಮಿಟಿಯವರು ಕಾರಣ ಕೇಳ್ತಾರ. ನಿನ್ನ ತಪ್ಪು ಅಂದ್ರ ಕೊಡಂಗಿಲ್ಲ. ಕಿತ್ತವರು ಯಾರು? ಹೆಸರು ಬೇಕು. ನೀ ಮೊದಲ ಸೂಚನೆ ಕೊಟ್ಟಿದ್ದಿ ಹೌದಲ್ಲ?"

"ಕೊಟ್ಟಿದ್ದೆ ಸರ್," ಎಂದಳು. ಸಾಹುಕಾರರಿಗೆ ಎಂಬುದನ್ನು ಸೇರಿಸಲಿಲ್ಲ.

ಹೆಸರು ಕೇಳಲು ಮತ್ತೆ ವಳಕಮದಿನ್ನಿಗೆ ಹೋದಳು. ಐದು ವಾರದಲ್ಲಿ ಕೇಳದಿದ್ದ ಹೆಸರನ್ನು ಅಂದು ಪೆನ್ನು ಹಿಡಿದುಕೊಂಡು ಕೇಳಿದಳು. ಆ ಹೆಂಗಸು ಸೆರಗು ಸರಿಮಾಡಿಕೊಂಡು, ಫೋಟೋ ತೆಗೆಯುವವರ ಮುಂದೆ ನಿಂತ ಹಾಗೆ ನಿಂತಳು.

"ಶೇಖಮ್ಮ ಅಂತ ಬರಕೋ. ನಿನ್ನ ಬುಕ್ಕಿನ್ಯಾಗ ಬರತೈತೇನು?"

"ಒಂದು ಕಾಗದದಾಗ."

"ಬರಲಿ ಬರಲಿ. ರೇಷನ್ ಕಾರ್ಡು ಬಿಟ್ರ ಎಲ್ಲೂ ಬಂದಿಲ್ಲ. ದಾವಲ್‌ಬೀದೂ ಬರಕೋ ತಂಗಿ, ಆಕಿ ಭಾಳ ಕಿತ್ಯಾಳ."

ಅರ್ಜಿ ಬರೆಯಲು ಶಿವಗಂಗಾಳಿಗೆ ಎರಡು ದಿನ ಹಿಡಿಯಿತು. ಮಾತನ್ನು ತೂಗಿ ಬರೆಯುವವಳು ಅವಳು. "ಕಾರ್ಮಿಕ ಮಹಿಳೆಯರು ಅನುಮತಿಯಿಲ್ಲದೆ ಗದ್ದೆಗಿಳಿದು" ಎಂದು ಬರೆದಳು. ಸುಳ್ಳಲ್ಲ. "ಸ್ಪಷ್ಟ ಸೂಚನೆ ನೀಡಲಾಗಿದ್ದರೂ" ಎಂದು ಬರೆದಳು. ಸೂಚನೆ ನೀಡಿದ್ದು ನಿಜ, ಯಾರಿಗೆಂದು ಅಲ್ಲಿ ಯಾರೂ ಕೇಳುವುದಿಲ್ಲ. "ಅಜಾಗರೂಕತೆಯಿಂದ" ಎಂಬ ಪದದ ಹತ್ತಿರ ಬಹಳ ಹೊತ್ತು ಕುಳಿತಳು. ತೊಳೆದು ಒಣಗಿಸಿದ ರಿಬ್ಬನ್‌ಗಳು ಕಣ್ಣಮುಂದೆ ಬಂದವು. ಬೇರೆ ಪದ ಹುಡುಕಿದಳು. ಬೇರೆ ಯಾವ ಪದ ಹಾಕಿದರೂ ತಪ್ಪು ತನ್ನ ಕಡೆಗೇ ಹೊರಳುತ್ತಿತ್ತು. ಅದನ್ನೇ ಬರೆದಳು. ಕೆಳಗೆ ಐದು ಹೆಸರು.

ಆರು ತಿಂಗಳು ಸಿಕ್ಕಿತು.

ಸಿಕ್ಕುವ ಮೊದಲು ಕಮಿಟಿಯವರು ಜಮೀನಿನ ಮಾಲೀಕರ ದೃಢೀಕರಣ ಕೇಳಿದ್ದರು. ಗುರುಬಸವ ಸರ್ ಅರ್ಜಿಯ ನಕಲನ್ನು ಅಮರಗುಂಡಪ್ಪನವರ ಮೊಬೈಲಿಗೆ ಕಳಿಸಿದ್ದರು. ಹೊಸ ತಳಿಯ ಪ್ರಾತ್ಯಕ್ಷಿಕೆ ಪ್ರತಿ ವರ್ಷವೂ ತಮ್ಮ ಗದ್ದೆಯಲ್ಲೇ ಆಗಬೇಕೆಂಬ ಆಸೆ ಸಾಹುಕಾರರಿಗೆ. ವಿಶ್ವವಿದ್ಯಾಲಯದವರ ಮನಸ್ಸು ಕೆಡಿಸಿಕೊಳ್ಳಲು ಅವರು ಸಿದ್ಧರಿರಲಿಲ್ಲ. ಸಹಿ ಹಾಕಿ ಕಳಿಸಿದರು. ಮರುದಿನ ಕೆಲಸಕ್ಕೆ ಬಂದ ಐವರನ್ನೂ ಕಣದಲ್ಲಿ ನಿಲ್ಲಿಸಿ, ಕಾಗದ ಓದಿ ಹೇಳಿ, ಇನ್ನು ಬರಬೇಡಿರೆಂದರು. ಬೇಸಿಗೆ ಬೆಳೆಗೆ ತುರ್ವಿಹಾಳದಿಂದ ಬೇರೆ ಆಳುಗಳು ಟೆಂಪೋದಲ್ಲಿ ಬಂದರು.

ಇದನ್ನೆಲ್ಲ ಶಿವಗಂಗಾಳಿಗೆ ಸಾಹುಕಾರರೇ ಹೇಳಿದರು, ದೊಡ್ಡ ಉಪಕಾರ ಮಾಡಿದವರ ಹಾಗೆ. "ಚಿಂತಿ ಬಿಡ್ರಿ ಮೇಡಮ್. ಇನ್ನ ಆ ಮಂದಿ ಈ ಕಡೆ ಹಾಯಂಗಿಲ್ಲ."

ಅವಳು "ಅಷ್ಟು ಮಾಡಬಾರದಿತ್ತು" ಎಂದಳು. ಅಷ್ಟು ಮೆಲ್ಲಗೆ ಹೇಳಿದರೆ ಅವರಿಗೆ ಕೇಳಿಸುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಫೆಬ್ರವರಿಯ ಕೊನೆಗೆ ಹೊಸ ಬೆಳೆಯಲ್ಲಿ ಮತ್ತೆ ರಿಬ್ಬನ್ ಕಟ್ಟತೊಡಗಿದಳು. ಈ ಸಲ ಗಿಡ ಚಿಕ್ಕದಿರುವಾಗಲೇ ಎಲೆಯ ಬಣ್ಣ, ಬುಡದ ಕೆಂಪು ನೋಡಿ ಗುರುತಿಸಿ, ಮೊದಲಿನಿಂದ ಎತ್ತರ ಅಳೆಯುತ್ತಿದ್ದಳು. ತುರ್ವಿಹಾಳದ ಹೆಂಗಸರಿಗೆ ಮೊದಲ ದಿನವೇ ಎಲ್ಲ ಬಿಡಿಸಿ ಹೇಳಿದಳು. ಅವರು ದೂರದಲ್ಲೇ ನಿಂತು ತಲೆಯಾಡಿಸಿದರು. ಆ ಬದುವಿನ ಮೇಲೆ ಅವರು ನಡೆಯುತ್ತಲೂ ಇರಲಿಲ್ಲ.

ಒಂದು ಮಧ್ಯಾಹ್ನ ಶೇಖಮ್ಮ ಬಂದಳು. ಅವಳ ಹಿಂದೆ ದಾವಲ್‌ಬೀ.

"ಆರಾಮದೀರೇನ್ರಿ ಮೇಡಮ್ಮರ?" ಎಂದಳು ಶೇಖಮ್ಮ. ತಂಗಿ, ಯವ್ವ ಎಲ್ಲ ಹೋಗಿದ್ದವು.

"ಆರಾಮ. ಯಕ್ಕಾ, ನೀವು..."

"ದಢೇಸುಗೂರಿಗೆ ಹೋಗಾಕತ್ತೀವಿ. ಅಲ್ಲೂ ದಿನಾ ಕೆಲಸ ಇಲ್ರಿ. 'ಸಾಹುಕಾರ್ರು ಯಾಕ ಬಿಡಿಸಿದ್ರು' ಅಂತ ಕೇಳ್ತಾರ. ಏನ ಹೇಳೋದು? ಬೆರಕಿ ಕೀಳಾಕ ಬರಂಗಿಲ್ಲ ಅಂತ ಬರದಾರ ಅನ್ನೋದೇನು?"

ದಾವಲ್‌ಬೀ ಬಾಯಿ ಹಾಕಿದಳು. "ನನ್ನ ಹೆಸರು ಬರಸಿದ್ದು ಈಕೀನ ರೀ. ಬುಕ್ಕಿನ್ಯಾಗ ಬರ್ತೀ ಬೇ, ಅಂದ್ಲು. ಬಂದೆ ನೋಡ್ರಿ!" ನಗಲು ಹೋದಳು, ಆಗಲಿಲ್ಲ.

"ಒಂದ ಮಾತು ಸಾಹುಕಾರ್ರಿಗೆ ಹೇಳ್ರಿ," ಎಂದಳು ಶೇಖಮ್ಮ. "'ಇವರಿಗೆ ನಾ ಹೇಳಿದ್ದಿಲ್ಲ, ಇವರ ತಪ್ಪಿಲ್ಲ' ಅಂತ. ಅಷ್ಟ ಸಾಕು."

ಶಿವಗಂಗಾ ಲೆಕ್ಕ ಹಾಕಿದಳು. ಸಾಹುಕಾರರಿಗೆ ಹೇಳಿದರೆ ಅವರು ಗುರುಬಸವ ಸರ್‌ಗೆ ಹೇಳುತ್ತಾರೆ. ಅಲ್ಲಿಂದ ಕಮಿಟಿಗೆ ತಲುಪುತ್ತದೆ. ಸುಳ್ಳು ಕಾರಣ ಕೊಟ್ಟು ಪಡೆದ ಅವಧಿ ರದ್ದಾಗುತ್ತದೆ.

"ಮೇ ತಿಂಗಳು ಒಂದು ಮುಗೀಲಿ," ಎಂದಳು. "ಆಮೇಲೆ ಖಂಡಿತ ಹೇಳ್ತೀನಿ."

"ಮೇದಾಗ ಗದ್ದ್ಯಾಗ ಏನಿರತೈತ್ರಿ? ಕೊಯ್ದ ಕೂಳಿ. ಆಗ ನಮಗ ಕೆಲಸ ಎಲ್ಲೈತಿ?" ಶೇಖಮ್ಮ ಬದುವಿನ ಅಂಚಿಗೆ ಬಂದಳು. ಕಣ್ಣಿಗೆ ಕೈ ಅಡ್ಡ ಹಿಡಿದು ಗದ್ದೆಯ ಉದ್ದಕ್ಕೂ ನೋಡಿದಳು. ಕೆಂಪು ರಿಬ್ಬನ್‌ಗಳು ಗಾಳಿಗೆ ಅಲುಗುತ್ತಿದ್ದವು. ಅವಳ ಹುಬ್ಬು ಗಂಟಿಕ್ಕಿತು. ದಾವಲ್‌ಬೀಯ ಮೊಣಕೈ ತಿವಿದು ಗದ್ದೆಯತ್ತ ಗದ್ದ ಚಾಚಿದಳು. ದಾವಲ್‌ಬೀ ನೋಡಿ, "ಅಯ್ಯ!" ಎಂದು ಬಾಯಿ ಮುಚ್ಚಿಕೊಂಡಳು.

"ಏನು?" ಶಿವಗಂಗಾ ಗದ್ದೆಯ ಕಡೆ ತಿರುಗಿದಳು. "ಏನಾಗಿದೆ?"

"ಅವೆಲ್ಲ ಕಾಡಭತ್ತ ಅಲ್ರಿ," ಎಂದಳು ಶೇಖಮ್ಮ. "ಸಾಹುಕಾರ್ರ ಚಲೋ ಭತ್ತಕ್ಕೂ ಕಟ್ಟೀರಿ."

"ಯಾವ್ಯಾವುದಕ್ಕೆ? ಎಷ್ಟಕ್ಕೆ?"

ಶೇಖಮ್ಮ ಆಗಲೇ ತಿರುಗಿದ್ದಳು. ಶಿವಗಂಗಾ ಕೆಸರಿನಿಂದ ಕಾಲು ಕಿತ್ತುಕೊಳ್ಳುತ್ತ ಬದುವಿನ ಕಡೆ ಬಂದಳು. "ಯಕ್ಕಾ, ತೋರಿಸಿ ಹೋಗ್ರಿ. ದೂರದಿಂದ ಬೆರಳು ಮಾಡಿದ್ರೂ ಸಾಕು."

"ಇಲ್ರಿ ಮೇಡಮ್ಮರ," ಎಂದಳು ಶೇಖಮ್ಮ, ತಿರುಗಿ ನೋಡದೆ. ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಒಮ್ಮಿ ನಿಮ್ಮ ಗಿಡದ ತಂಟೆಗೆ ಬಂದು ಕಾಗದ ಸೇರೀನಿ."

ಇಬ್ಬರೂ ತೂಬು ದಾಟಿ ಕಾಲುವೆಯ ಏರಿ ಹತ್ತಿದರು. ಶಿವಗಂಗಾ ಹತ್ತಿರದ ಗಿಡದ ಮುಂದೆ ಬಗ್ಗಿದಳು. ಬುಡ ಕೆಂಪಗಿರುವಂತೆ ಕಂಡಿತು. ಮತ್ತೆ ನೋಡಿದರೆ ಹಸಿರಾಗಿಯೇ ಇತ್ತು. ರಿಬ್ಬನ್ ಬಿಚ್ಚಿದಳು. ಪಕ್ಕದ ಗಿಡದ ಬುಡವನ್ನೂ ನೋಡಿ, ವ್ಯತ್ಯಾಸ ತಿಳಿಯದೆ, ಅದನ್ನು ಮತ್ತೆ ಮೊದಲಿನ ಗಿಡಕ್ಕೇ ಕಟ್ಟಿದಳು.