ಇಪ್ಪತ್ತಮೂರು ಮಿಷನ್ನು

“ಇನ್ನು ಹನ್ನೆರಡು ದಿನ ಐತೆ, ಐದು ಮಿಷನ್ನು ಹೋಗ್ಬೇಕು. ಕಲಿಸೋದೆಲ್ಲ ಏಪ್ರಿಲ್‌ಗೆ ಇಟ್ಕೊಳಮ್ಮ,” ಎಂದು ಸಾಹುಕಾರ ವೆಂಕಟರಾಮಪ್ಪನವರು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳೂರಿದರು. ಬಾಬಿನ್ನಿಗೆ ದಾರ ಸುತ್ತುತ್ತಿದ್ದ ವೆಂಕಟರತ್ನಮ್ಮ ತಲೆಯೆತ್ತಲಿಲ್ಲ.

ಚಿಂತಾಮಣಿಯ ಆ ಹೊಲಿಗೆ ಮಿಷನ್ನಿನ ಅಂಗಡಿಗೆ ಅವಳು ಸೇರಿ ಮೂರು ವರ್ಷವಾಗಿತ್ತು. ಹಳ್ಳಿಹಳ್ಳಿಗೆ ಹೋಗಿ ಮಿಷನ್ನು ತುಳಿದು ತೋರಿಸುವುದು, ಕೊಂಡವರ ಮನೆಗೆ ಹತ್ತು ದಿನ ಹೋಗಿ ಹೊಲಿಗೆ ಕಲಿಸುವುದು ಅವಳ ಕೆಲಸ. ಗಂಡ ಬಿಟ್ಟುಹೋದ ಮೇಲೆ ತಾಯಿ ಮುನಿಗಂಗಮ್ಮನನ್ನೂ ತನ್ನನ್ನೂ ಸಾಕುತ್ತಿದ್ದುದು ಅದೇ ಸಂಬಳ. ಕಂಪನಿಗೆ ವರ್ಷ ಮುಗಿಯುವುದು ಮಾರ್ಚಿಗೆ. ೧೯೬೪ರ ಮಾರ್ಚಿಗೆ ಮುಗಿಯುವ ಈ ವರ್ಷ ಇಪ್ಪತ್ತನಾಲ್ಕು ಮಿಷನ್ನು ಮಾರಿದರೆ ಶಿಡ್ಲಘಟ್ಟದ ಏಜೆನ್ಸಿಯನ್ನೂ ಕೊಡುವುದಾಗಿ ಕಂಪನಿಯವರು ಸಾಹುಕಾರರಿಗೆ ಆಸೆ ತೋರಿಸಿದ್ದರು.

“ಕೈವಾರದ ಗಂಗುಲಮ್ಮಂಗೆ ಇನ್ನೂ ರವಿಕೆಗೆ ತೋಳು ಕೂಡಿಸೋಕೆ ಬರಲ್ಲ. ನಾಳೆ ಅಲ್ಲಿಗೇ ಹೋಗ್ತೀನಿ,” ಎಂದಳು.

“ಮಾರಿದ ಮನೇಲಿ ಕೂತ್ಕೊಂಡ್ರೆ ಮಾರದ ಮನೆ ನೋಡೋರ್ಯಾರು? ಹೋದ ಮಾರ್ಚಲ್ಲಿ ದಿನಕ್ಕೆ ಮೂರು ಊರು ಸುತ್ತಿದ್ದೆಯಲ್ಲಮ್ಮ!”

“ಸುತ್ತಿದ್ದೆ. ಏನಾಯ್ತು ಅದನ್ನೂ ಹೇಳಿ.”

ಹೋದ ವರ್ಷ ಅವಳು ಒಂದೇ ತಿಂಗಳಲ್ಲಿ ಒಂಬತ್ತು ಮಿಷನ್ನು ಮಾರಿ, ಊಟ ನಿದ್ದೆ ಬಿಟ್ಟು, ಕೊನೆಗೆ ಕೈವಾರದ ಬಸ್ಸಿನಿಂದ ಇಳಿಯುವಾಗ ತಲೆಸುತ್ತಿ ಬಿದ್ದಿದ್ದಳು. ಇಪ್ಪತ್ತು ದಿನ ಜ್ವರದಲ್ಲಿ ಮಲಗಿದ್ದಳು. ಹೊಲಿಯಲು ಕಲಿಸುವವರಿಲ್ಲದೆ, ಮಾರಿದ ಒಂಬತ್ತರಲ್ಲಿ ನಾಲ್ಕು ಮಿಷನ್ನು ಮಳೆಗಾಲದ ಹೊತ್ತಿಗೆ ಎತ್ತಿನ ಗಾಡಿಯಲ್ಲಿ ಅಂಗಡಿಗೇ ಹಿಂದಿರುಗಿದ್ದವು.

“ಈ ಸಲ ದಿನಕ್ಕೆ ಒಂದೇ ಊರು. ಮಧ್ಯಾಹ್ನ ಕೂತು ಉಣ್ತೀನಿ. ಭಾನುವಾರ ಬರಲ್ಲ,” ಎಂದು ಅವಳು ದಾರ ಕಡಿದಳು.

“ಬೇರೆಯವರನ್ನ ನೋಡ್ಕೋತೀನಿ ಮತ್ತೆ!”

“ನೋಡ್ಕೊಳಿ. ಬಂದೋರಿಗೆ ನಾನೇ ಕಲಿಸಿಕೊಡ್ತೀನಿ.”

ವೆಂಕಟರತ್ನಮ್ಮ ಮರುದಿನ ಕೈವಾರಕ್ಕೇ ಹೋದಳು. ಗಂಗುಲಮ್ಮನ ಪಡಸಾಲೆಯಲ್ಲಿ ಕಂಕುಳ ಬಳಿ ಬಟ್ಟೆ ಸುಕ್ಕುಗಟ್ಟಿದಾಗಲೆಲ್ಲ ಹೊಲಿಗೆ ಬಿಚ್ಚಿಸಿ ಮತ್ತೆ ಹಾಕಿಸಿದಳು. ನಾಲ್ಕನೆಯ ದಿನ ತೋಳು ಸರಿಯಾಗಿ ಕೂತಿತು. ಗಂಗುಲಮ್ಮ ಆ ರವಿಕೆ ತೊಟ್ಟು ಬೀದಿಗೆ ಬಂದು ಕೈಯೆತ್ತಿ, ತಿರುಗಿ, “ಚೂಡಂಡೇ, ನೋಡ್ರೇ, ಎಲ್ಲೂ ಹಿಡಿಯಲ್ಲ!” ಎಂದು ಎಲ್ಲರಿಗೂ ತೋರಿಸಿದಳು. ಆ ಬೀದಿಯಲ್ಲೇ ಮೂರು ಮನೆಯವರು ಮಿಷನ್ನು ಕೊಂಡರು. ಚಿಂತಾಮಣಿಯಲ್ಲಿ ಮೇಷ್ಟರೊಬ್ಬರ ಹೆಂಡತಿ ಓಬಳಮ್ಮ ಇನ್ನೊಂದು ಕೊಂಡಳು. ಇಪ್ಪತ್ತಮೂರಾಯಿತು. ಭಾನುವಾರ ವೆಂಕಟರತ್ನಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಂಡಳು.

ಮೂವತ್ತೊಂದನೆಯ ತಾರೀಖು ಬೆಂಗಳೂರಿನಿಂದ ಕಂಪನಿಯ ಇನ್‌ಸ್ಪೆಕ್ಟರು ಬಂದರು. ಅವರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದದ್ದೇ ತಡ, ಸಾಹುಕಾರರು ಪಿಸುಗುಟ್ಟಿದರು: “ನಿಮ್ಮಮ್ಮನ ಹೆಸರಲ್ಲಿ ಒಂದು ಬರ್ಕೊಂಡುಬಿಡಣ. ನಾಡಿದ್ದು ವಾಪಸ್ ಅಂತ ತೋರಿಸಿದ್ರಾಯ್ತು.”

“ನಮ್ಮಮ್ಮಂಗೆ ಸೂಜಿಯ ಕಣ್ಣೇ ಕಾಣಲ್ಲ ಸಾಹುಕಾರ್ರೇ. ಅವಳ ಹೆಬ್ಬೆಟ್ಟು ನಾನು ಹಾಕಿಸಲ್ಲ.”

“ಒಂದೇ ಒಂದಕ್ಕೆ ಶಿಡ್ಲಘಟ್ಟ ಕೈತಪ್ಪುತ್ತೆ ಕಣಮ್ಮ!” ಅವಳಿಗೆ ಅಯ್ಯೋ ಅನಿಸಿತು. ಆದರೆ ಮಾತು ಬದಲಿಸಲಿಲ್ಲ.

ಇನ್‌ಸ್ಪೆಕ್ಟರು ಬಂದು ಲೆಕ್ಕದ ಹಾಳೆ ಹರಡಿ ಪೆನ್ನು ತೆರೆದರು. ಸಾಹುಕಾರರು ಬಾಯಿ ತೆರೆಯುವ ಮೊದಲೇ ಅವಳು, “ಇಪ್ಪತ್ತಮೂರು ಸಾರ್. ಒಂದು ಕಮ್ಮಿ. ಹೋದ ವರ್ಷ ಮಾರಿದ್ದರಲ್ಲಿ ನಾಲ್ಕು ವಾಪಸ್ ಬಂದಿತ್ತು, ಈ ವರ್ಷ ಮಾರಿದ್ದರಲ್ಲಿ ಒಂದೂ ಬಂದಿಲ್ಲ. ಅದನ್ನೂ ಬರ್ಕೊಳಿ,” ಎಂದಳು.

“ಅದಕ್ಕೆ ಇದರಲ್ಲಿ ಜಾಗ ಇಲ್ವಲ್ಲಮ್ಮ.”

“ಅಂಚಿನಲ್ಲಿ ಐತಲ್ಲ ಸಾರ್, ಬಿಳೀ ಜಾಗ.”

ಇನ್‌ಸ್ಪೆಕ್ಟರು ಅವಳ ಮುಖ ನೋಡಿದರು. ಆಮೇಲೆ ಹಾಳೆಯನ್ನು ಅಡ್ಡ ತಿರುಗಿಸಿ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದರು. ಶಿಡ್ಲಘಟ್ಟದ ಮಾತು ಮುಂದಿನ ವರ್ಷ ನೋಡೋಣ ಎಂದು ಹೇಳಿ ಮೂರರ ಬಸ್ಸಿಗೆ ಹೊರಟರು.

ಸಾಹುಕಾರರು ಕ್ಯಾಲೆಂಡರಿನ ಕಡೆ ತಿರುಗಿ ಮಾರ್ಚಿನ ಹಾಳೆ ಮಗುಚಿದರು. ವೆಂಕಟರತ್ನಮ್ಮ ಮಿಷನ್ನಿಗೆ ಮುಸುಕು ಹಾಕಿ, ಚೀಲ ಹೆಗಲಿಗೇರಿಸಿದಳು.

“ನಾಳೆಯಿಂದ ಬರಬೇಡ ಅಂದ್ರೆ?” ಎಂದರು ಅವರು, ತಿರುಗದೆ.

“ಬರಲ್ಲ. ಬಾ ಅಂದ್ರೆ ಹತ್ತಕ್ಕೆ ಬರ್ತೀನಿ, ಐದಕ್ಕೆ ಎದ್ದು ಹೋಗ್ತೀನಿ.”

ಅವಳು ಮೆಟ್ಟಿಲಿಳಿದಾಗ ಹಿಂದಿನಿಂದ ದನಿ ಬಂತು: “ಹತ್ತು ಅಂದ್ರೆ ಹತ್ತಕ್ಕೇ ಬರಬೇಕು.”

ಮನೆಯಲ್ಲಿ ಮುನಿಗಂಗಮ್ಮ ಹೆಜ್ಜೆ ಸಪ್ಪಳಕ್ಕೆ ತಡಕಾಡಿ ಎದ್ದಳು. “ಹೊತ್ತಿರುವಾಗ್ಲೇ ಬಂದೆಯೇನೇ?” ಎಂದಳು. ವೆಂಕಟರತ್ನಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಕಾಲು ಚಾಚಿದಳು. ಕಿಟಕಿಯಿಂದ ಬಿದ್ದ ಬಿಸಿಲು ಅವಳ ಪಾದದ ಮೇಲೇ ಇತ್ತು. ಅದು ಗೋಡೆಯ ಕಡೆ ಸರಿಯುವುದರೊಳಗೆ ಅವಳಿಗೆ ನಿದ್ದೆ ಹತ್ತಿತ್ತು.