ಹನ್ನೆರಡರವರೆಗೆ ಮೌನ

ಹಾಲಾಡಿ ಪೇಟೆಯಿಂದ ಎರಡು ಕಿಲೋಮೀಟರ್ ಆಚೆ, ಮುಚ್ಚಿಹೋದ ಗೇರುಬೀಜದ ಕಾರ್ಖಾನೆಯಲ್ಲಿ ಫಾದರ್ ಬೊನಿಫಾಸ್ ಸನ್ಯಾಸಿಗಳ ಮಠವೊಂದನ್ನು ಶುರುಮಾಡಿ ವರ್ಷವಾಗುತ್ತ ಬಂದಿತ್ತು. ಬೀಜ ಹುರಿಯುತ್ತಿದ್ದ ಕೋಣೆ ಈಗ ಪ್ರಾರ್ಥನೆಯ ಕೋಣೆ. ಎಷ್ಟು ಸಲ ಸುಣ್ಣ ಬಳಿದರೂ ಗೋಡೆಯಿಂದ ಗೇರೆಣ್ಣೆಯ ವಾಸನೆ ಹೋಗಿರಲಿಲ್ಲ. ಮಠ ಎಂದು ಕೇಳಿದರೆ ಆಟೋದವರು ತಲೆ ಕೆರೆದುಕೊಳ್ಳುತ್ತಿದ್ದರು; ಫ್ಯಾಕ್ಟರಿ ಪಾದ್ರಿಗಳು ಎಂದರೆ ನೇರ ತಂದು ಬಿಡುತ್ತಿದ್ದರು.

ಬ್ರಹ್ಮಾವರದ ಶಾಲೆಯೊಂದರಲ್ಲಿ ಮಕ್ಕಳ ಗಲಾಟೆ ಕೇಳುತ್ತಲೇ ಬೊನಿಫಾಸ್ ಹದಿನಾಲ್ಕು ವರ್ಷ ಕೂತು ಈ ಮಠದ ನಿಯಮಗಳನ್ನು ಬರೆದಿದ್ದರು. ಬೆಳಗ್ಗೆ ನಾಲ್ಕಕ್ಕೆ ಏಳುವುದು. ಮಧ್ಯಾಹ್ನ ಹನ್ನೆರಡರವರೆಗೆ ಮೌನ. ಮೀನು ಮಾಂಸ ಇಲ್ಲ. ತನ್ನದು ಎನ್ನುವುದೆಲ್ಲ ಒಂದು ಪೆಟ್ಟಿಗೆಯಲ್ಲಿ ಹಿಡಿಯಬೇಕು. ಬಿಷಪರು ಓದಿ, "ಚೆನ್ನಾಗಿ ಬರೆದಿದ್ದೀರಿ. ಒಂದು ವರ್ಷ ಬದುಕಿ ತೋರಿಸಿ" ಎಂದಿದ್ದರು. ವರ್ಷದ ಕೊನೆಗೆ ಒಬ್ಬರು ಬಂದು ನೋಡುತ್ತಾರೆ. ನಿಯಮ ಕಾಗದದಲ್ಲಷ್ಟೇ ಇದ್ದರೆ ಮಠಕ್ಕೆ ಬೀಗ, ಬೊನಿಫಾಸ್ ಮತ್ತೆ ಶಾಲೆಗೆ.

ಸೇರಿದವರು ನಾಲ್ವರು, ಬಿಟ್ಟುಹೋದವರು ಮೂವರು. ಒಬ್ಬ ಮೀನಿಲ್ಲವೆಂದು ಹೋದ, ಒಬ್ಬ ಸೊಳ್ಳೆಗೆ ಹೋದ, ಇನ್ನೊಬ್ಬ ಕಾರಣ ಹೇಳಲು ಹನ್ನೆರಡರವರೆಗೂ ಕಾಯಲಿಲ್ಲ. ಉಳಿದವನು ಬ್ರದರ್ ಎವ್ಜಿನ್. ಭಕ್ತಿಗೇನೂ ಕಡಿಮೆಯಿರಲಿಲ್ಲ, ಆದರೆ ಅದು ಎಂಟು ಗಂಟೆಯ ನಂತರ ಶುರುವಾಗುತ್ತಿತ್ತು. ಬೊನಿಫಾಸರು ಆರಕ್ಕೆ ಏಳುತ್ತಿದ್ದರು. ಸಕ್ಕರೆ ಕಾಯಿಲೆ, ನಿದ್ದೆ ಕೆಡಿಸಬಾರದು ಎಂದು ಡಾಕ್ಟರು ಹೇಳಿದ್ದರು.

ನಾಲ್ಕರ ಗಂಟೆ ಮಾತ್ರ ಒಂದು ದಿನವೂ ತಪ್ಪಿರಲಿಲ್ಲ. ಅದನ್ನು ಹೊಡೆಯುತ್ತಿದ್ದವನು ಅಡುಗೆಯ ಕುಷ್ಟ. ಕೋಟೇಶ್ವರದ ಕಡೆಯವನು. ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಹೋಗಿ, ಮಾಟುಂಗದ ಹೋಟೆಲೊಂದರಲ್ಲಿ ನಲವತ್ತೆಂಟು ವರ್ಷ ಇದ್ದು, ಆ ಹೋಟೆಲು ಮುಚ್ಚಿದ ಮೇಲೆ ಊರಿಗೆ ಬಂದವನು. ಅಡುಗೆಗೆ ಆಳಿಡುವುದು ನಿಯಮದಲ್ಲಿರಲಿಲ್ಲ. ಮೊದಲ ವಾರವೇ ಗಂಜಿ ಮೂರು ಸಲ ತಳ ಹಿಡಿದದ್ದರಿಂದ ಬೊನಿಫಾಸ್ ಅವನನ್ನು ಕರೆಸಿದ್ದರು.

"ಹ್ಯಾಂಗೂ ನಾ ಮೂರೂವರಿಗೆ ಎದ್ದಿರ್ತೆ. ಗಂಟಿ ನಾನೇ ಹೊಡಿತೆ ಬಿಡಿ" ಎಂದಿದ್ದ.

ಪರೀಕ್ಷೆಗೆ ಬಂದವರು ಫಾದರ್ ಸೆರಾಫಿನ್, ಎಪ್ಪತ್ತು ದಾಟಿದ, ಕಡಿಮೆ ಮಾತಿನ ಪಾದ್ರಿ. ಹಿಂದಿನ ದಿನ ಸಂಜೆಯೇ ಬಂದು ಉಳಿದರು. ಬೆಳಗ್ಗೆ ಗಂಟೆ ಕೇಳಿ ಹೊರಗೆ ಬಂದಾಗ ಅವರಿಗೆ ಕಂಡದ್ದು, ತಣ್ಣೀರು ಮಿಂದು ಬಿಳಿ ಪಂಚೆಯುಟ್ಟ ಮುದುಕನೊಬ್ಬ. ಅವನು ಅಂಗಳ ಗುಡಿಸಿದ. ಒಲೆ ಹಚ್ಚಿದ. ಒಂದು ಪಾತ್ರೆಯ ಸದ್ದಿಲ್ಲ, ಒಂದು ಮಾತಿಲ್ಲ. ಎಲ್ಲರಿಗೂ ಬಡಿಸಿ, ಕೊನೆಗೆ ಮೂಲೆಯಲ್ಲಿ ನಿಂತು ಉಂಡು, ತಟ್ಟೆ ತೊಳೆದು ಕವುಚಿ ಹಾಕಿದ. ಸೆರಾಫಿನ್ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಲೇ ಇದ್ದರು.

ಹತ್ತು ಗಂಟೆಗೆ ಅದನ್ನು ಬೊನಿಫಾಸರ ಮುಂದೆ ಹಿಡಿದರು. 'ಈ ಹಿರಿಯ ಸೋದರರ ಹೆಸರೇನು? ಇಂಥವರೊಬ್ಬರಿದ್ದರೆ ಮಠ ನಿಂತಿತೆಂದೇ ಲೆಕ್ಕ.' ಕೆಳಗೆ ಉತ್ತರಕ್ಕೆ ಜಾಗ ಬಿಟ್ಟು ಪೆನ್ನನ್ನೂ ಚಾಚಿದರು.

ಬೊನಿಫಾಸ್ ತುಟಿಯ ಮೇಲೆ ಬೆರಳಿಟ್ಟರು.

ಆಮೇಲಿನ ಎರಡು ಗಂಟೆ ಅವರು ಹುರಿಯುವ ಕೋಣೆಯಲ್ಲಿ ಮೊಣಕಾಲೂರಿ ಕೂತರು. ವರ್ಷದಲ್ಲಿ ಮೊದಲ ಬಾರಿ ಮೌನ ಇಷ್ಟು ಸಲೀಸಾಗಿ ಬಂದಿತ್ತು. ಸುಳ್ಳು ಹೇಳಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ನಿಯಮ ಹೇಳುವುದೂ ಅದನ್ನೇ. ಹದಿನಾಲ್ಕು ವರ್ಷ ತಾವು ಬಯಸಿದ ಮೌನ ಇದೇನಾ ಎಂದು ಯೋಚಿಸುತ್ತಿದ್ದಾಗ ಹನ್ನೆರಡರ ಗಂಟೆ ಹೊಡೆಯಿತು. ಹೊಡೆದವನು ಕುಷ್ಟ.

ಬೊನಿಫಾಸ್ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದರು. ಸೆರಾಫಿನ್ ಅಲ್ಲೇ ನಿಂತಿದ್ದರು.

"ಫಾದರ್, ಅವರು ಸೋದರರಲ್ಲ. ಅಡುಗೆಯವರು. ಕ್ರೈಸ್ತರೂ ಅಲ್ಲ."

ಸೆರಾಫಿನ್ ಕುಷ್ಟನತ್ತ ತಿರುಗಿದರು. "ಎಷ್ಟು ವರ್ಷದಿಂದ ಹೀಗೆ ನಾಲ್ಕಕ್ಕೆ ಮೊದಲೇ ಏಳುತ್ತೀರಿ?"

"ಐವತ್ತಾತ್ ಕಾಣಿ."

"ಮಾತೇ ಆಡುವುದಿಲ್ಲವಲ್ಲ?"

"ಮಾತಾಡಿರೆ ಸಾಂಬಾರಿಗೆ ಎಂಜ್ಲ್ ಹಾರುದಿಲ್ದಾ? ಸಾಹುಕಾರ್ರ್ ಸೌಟಂಗೇ ಹೊಡಿತಿದ್ರ್."

"ಮದುವೆ?"

"ಹೆಣ್ ಕಾಂಬುಕೆ ರಜೆ ಸಿಕ್ಲಿಲ್ಲೆ."

"ನಿಮ್ಮ ಸಾಮಾನು?"

ಕುಷ್ಟ ಅಕ್ಕಿ ಚೀಲದ ಪಕ್ಕದ ತಗಡಿನ ಪೆಟ್ಟಿಗೆ ತೋರಿಸಿದ. "ಅದ್ರಂಗೂ ಅರ್ಧ ಖಾಲಿ."

ಸೆರಾಫಿನ್ ನೋಟ್‌ಬುಕ್ ಮುಚ್ಚಿ ಬೊನಿಫಾಸರತ್ತ ತಿರುಗಿದರು. "ನಿಮ್ಮ ನಿಯಮ ಬದುಕಲು ಆಗುವಂಥದ್ದು ಅಂತ ಗೊತ್ತಾಯಿತು. ಇನ್ನೊಂದು ವರ್ಷ ಕೊಡಿಸುತ್ತೇನೆ. ಪ್ರಾರ್ಥನೆ ನೀವು ಕಲಿಸಿ. ಉಳಿದದ್ದನ್ನು ಇವರು ಕಲಿಸಲಿ."

ಕುಷ್ಟ ಬೈರಾಸಿನಲ್ಲಿ ಕೈ ಒರೆಸಿಕೊಂಡ. "ನಾ ಕಲ್ಸುದಾರೆ ಹೋಟ್ಲಿನ ಕ್ರಮ್ದಂಗೇ ಕಲ್ಸುದ್, ಮಾರಾಯ್ರೆ. ಹೊಸಬ್ರ್ ಒಂದ್ ವರ್ಷ ಗ್ಲಾಸ್ ತೊಳಿಕ್. ಆಮೇಲೆ ಮೇಜು. ಒಲಿ ಹತ್ರ ಬಪ್ಪುದೆಲ್ಲ ಮತ್ತೆ."

"ಎವ್ಜಿನ್‌ಗೆ ಹೇಳುತ್ತೇನೆ" ಎಂದರು ಬೊನಿಫಾಸ್. "ಹೊಸಬ ಅವನೊಬ್ಬನೇ ತಾನೆ."

"ಹ್ವಾಯ್, ಇಲ್ಲಿ ಹಳಬ್ರ್ ಯಾರಿದ್ರ್?"

ಮರುದಿನ ಬೆಳಗ್ಗೆ ಮೂರೂವರೆಗೆ ಬೊನಿಫಾಸರ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕುಷ್ಟ, ಕೈಯಲ್ಲಿ ಹಿಂದಿನ ದಿನದ ಎಂಜಲು ಗ್ಲಾಸುಗಳ ಬುಟ್ಟಿ. ಅವನ ಹಿಂದೆ ಎವ್ಜಿನ್ ಗೋಡೆಗೊರಗಿ ನಿಂತುಕೊಂಡೇ ನಿದ್ದೆ ಮಾಡುತ್ತಿದ್ದ. ಬೊನಿಫಾಸ್ ತಮ್ಮ ಸಕ್ಕರೆ ಕಾಯಿಲೆಯ ವಿಷಯ ಹೇಳಲು ಬಾಯಿ ತೆರೆದರು.

ಕುಷ್ಟ ತುಟಿಯ ಮೇಲೆ ಬೆರಳಿಟ್ಟು, ಬುಟ್ಟಿಯನ್ನು ಅವರ ಕೈಗೆ ಕೊಟ್ಟು, ಗಂಟೆ ಹೊಡೆಯಲು ಹೋದ.