ಹನ್ನೆರಡೂವರೆಯ ತನಕ

ಮಾಸೂರಿನ ಕರಬಸಪ್ಪನಿಗೆ ಶುಭಕಾರ್ಯದ ಸುದ್ದಿ ಫೋನಿನಲ್ಲಿ ಮುಟ್ಟಬಾರದು ಎಂಬುದು ಶೀಲಾಳ ಮನೆಯಲ್ಲಿ ಕಾನೂನಾಗಿ ಎರಡು ವರ್ಷವಾಗಿತ್ತು. ಹಾನಗಲ್ಲಿನಲ್ಲಿ ಹೊಸ ಮನೆ ಕಟ್ಟಿಸಿದಾಗ ಈ ಸೋದರಮಾವನಿಗೂ ಎಲ್ಲರಂತೆ ವಾಟ್ಸಾಪಿನಲ್ಲೇ ಕರೆ ಹೋಗಿತ್ತು. ಗೃಹಪ್ರವೇಶದ ದಿನ ಅವನು ಬರಲಿಲ್ಲ. ರುಮಾಲು ಸುತ್ತಿಕೊಂಡ ಅವನ ಫೋಟೋ ಬಂತು. ಕೆಳಗೊಂದು ಸಾಲು: 'ಫೋನಿನ್ಯಾಗ ಕರದ್ರಿ, ಫೋನಿನ್ಯಾಗ ಬಂದೇನಿ.'

ಈಗ ಶೀಲಾಳ ತಂಗಿ ಪೂಜಾಳ ಮದುವೆ. ಅಕ್ಷತೆಯ ಹೊತ್ತಿಗೆ ಮದುಮಗಳ ಬೆನ್ನ ಹಿಂದೆ ನಿಲ್ಲಬೇಕಾದವನೇ ಅವನು. ಅಲ್ಲಿ ಫೋಟೋ ನಡೆಯುವುದಿಲ್ಲ.

ಶೀಲಾ ಹಾನಗಲ್ಲಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಆರುನೂರ ಹನ್ನೆರಡು ಮಂದಿಗೆ ಅವರವರ ಹೆಸರು ಹಾಕಿ ಕರೆ ಕಳಿಸುವುದು, ಮೂರು ದಿನ ಮೊದಲು ನೆನಪಿಸುವುದು, ಮಂಟಪದ ದಾರಿ ತೋರಿಸುವುದು, ಇಷ್ಟನ್ನೂ ತಾನಾಗಿಯೇ ಮಾಡಲಿ ಎಂದು ಅಂಗಡಿಯ ಕಂಪ್ಯೂಟರಿಗೆ ಒಪ್ಪಿಸಿದ್ದಳು. ಮೊದಲ ಹೆಜ್ಜೆಗೇ ಒಂದು ತಡೆ: ಶುಕ್ರವಾರ ಬೆಳಿಗ್ಗೆ ಹನ್ನೊಂದೂವರೆಯ ತನಕ ಸುಮ್ಮನಿರಬೇಕು. ಅಷ್ಟರೊಳಗೆ ಅವ್ವನೂ ತಾನೂ ಹೋಗಿ ಮಾವನ ಕೈಗೆ ಮೊದಲ ಪತ್ರಿಕೆ ಕೊಟ್ಟಿರಬೇಕು. ಅವನೊಬ್ಬನ ಹೆಸರು ಬಿಟ್ಟರೆ ಸಾಲದು. ಪಟ್ಟಿಯಲ್ಲಿ ಮಾಸೂರಿನವರೇ ನಲವತ್ತು ಮಂದಿ, ಓದಿ ಹೇಳುವವರಿಗೆ ಬರವಿಲ್ಲ.

ಬಸ್ಸಿನ ವೇಳೆ ನೋಡಿದ್ದಳು, ಹಿರೇಕೆರೂರಿನಲ್ಲಿ ಬಸ್ಸು ಬದಲಿಸುವ ವೇಳೆಯನ್ನೂ ನೋಡಿದ್ದಳು. ಗೋಡೆಯ ಕ್ಯಾಲೆಂಡರ್ ಮಾತ್ರ ನೋಡಿರಲಿಲ್ಲ.

ಹತ್ತೂ ಮುಕ್ಕಾಲಿಗೆ ಮಾಸೂರಿನಲ್ಲಿಳಿದ ಅವ್ವ ನಾಗವ್ವ, ಕುಂಕುಮದ ಬಟ್ಟಲು ಮಡಿಲಲ್ಲಿಟ್ಟುಕೊಂಡು ನಿಲ್ದಾಣದ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

"ಏಳಬೇ, ಮಾವನ ಮನಿ ಇಲ್ಲೇ ಐತಿ."

"ರಾಹುಕಾಲ ನಡದೈತಿ. ಹನ್ನೆರಡರ ತನಕಾ ಪತ್ರಿಕಿ ಕೊಡಂಗಿಲ್ಲ."

"ಅವ್ವಾ, ಹನ್ನೊಂದೂವರಿಗೆ ಎಲ್ಲಾರ ಫೋನಿಗೂ ಹೋಗಿಬಿಡತೈತಿ."

"ಹಂಗಾರ ಅದಕ್ಕೂ ಕುಂದ್ರಂತ ಹೇಳು. ನಾ ಕುಂತಿಲ್ಲೇನು?"

"ಅದಕ್ಕ ರಾಹುಕಾಲ ಗೊತ್ತಿಲ್ಲಬೇ."

"ಕಲಸಬೇಕಿತ್ತು. ಸಾಲಿ ಕಲತಾಕಿ ನೀ."

ಶೀಲಾ ಫೋನ್ ತೆಗೆದಳು. ಅವಳ ಸಿಮ್ಮಿಗೆ ಊರೊಳಗೆ ಸಿಗ್ನಲ್ ಇಲ್ಲ. ಕೆರೆಯ ಏರಿಯ ಮೇಲೆ ಸಿಗುತ್ತದೆಂದು ಹೂ ಮಾರುವವಳು ಹೇಳಿದಳು. ಸೀರೆಯ ನಿರಿಗೆ ಎತ್ತಿ ಹಿಡಿದು ನಡೆದು, ಏರಿ ಹತ್ತಿ, ಅಂಗಡಿಯಲ್ಲಿದ್ದ ಗೆಳತಿ ನಿಖತಳಿಗೆ ಫೋನ್ ಹತ್ತುವಷ್ಟರಲ್ಲಿ ಹನ್ನೊಂದು ಇಪ್ಪತ್ತನಾಲ್ಕು.

"ನಿಖತ, ನಮ್ಮ ಮದುವಿ ಕರೆ ಹೋಗಬಾರದು."

"ಅಳಿಸಿ ಒಗೀಲೇನು?"

"ಒಗದರ ಆರುನೂರು ಹೆಸರು ಮತ್ತ ಹಾಕಬೇಕು. ತಡಿ ಅಷ್ಟ ಮುಂದ ಹಾಕು. ಹನ್ನೆರಡೂವರಿ."

"ರಾಹುಕಾಲ ಹನ್ನೆರಡಕ್ಕ ಮುಗೀತೈತಿ."

"ನಿನಗ ಹೆಂಗ ಗೊತ್ತು?"

"ಕ್ಯಾಲೆಂಡರ್ ನನ್ನ ಎದರಿಗೇ ನೇತಾಡತೈತಿ. ನಿನ್ನೆ ನನ್ನ ಕೇಳಿದ್ರ ಹೇಳತಿದ್ದೆ."

"ಅರ್ಧಾ ತಾಸು ಮಾವ ಓದೂದಕ್ಕ ಬೇಕು. ಲಗೂ ಮಾಡು."

"ಹಗಲಿಂದೋ ರಾತ್ರಿದೋ ಅಂತ ಕೇಳಾಕತ್ತೈತಿ."

"ಹಗಲಿಂದು."

ಕೀಲಿಮಣೆಯ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಕೆರೆಯಲ್ಲಿ ಬೆಳ್ಳಕ್ಕಿಯೊಂದು ಒಂಟಿಗಾಲಲ್ಲಿ ನಿಂತಿತ್ತು. ಅದಕ್ಕೆ ಯಾರೂ ವೇಳೆ ಹಾಕಿಕೊಟ್ಟಿರಲಿಲ್ಲ.

"ಆತು," ಎಂದಳು ನಿಖತ. "'ಕಾಯುತ್ತಿದೆ' ಅಂತ ತೋರಸಾಕತ್ತೈತಿ. ಇನ್ನ ಉಸುರು ಬಿಡು."

ಶೀಲಾ ಏರಿಯ ಕಲ್ಲಿನ ಮೇಲೆ ಕುಳಿತು, ಹೇಳಿದಂತೆಯೇ ಮಾಡಿದಳು.

ಹನ್ನೆರಡು ದಾಟಿ ಐದು ನಿಮಿಷಕ್ಕೆ ಕರಬಸಪ್ಪ ಬಾಗಿಲು ತೆಗೆದ. "ಹತ್ತೂ ಮುಕ್ಕಾಲಿಗೇ ಬಸ್ಸಿಳದೀರಂತ ಗೊತ್ತಾತು. ಆಗ ಬಂದಿದ್ರ ಬಾಗಲಾ ತಗೀತಿದ್ದಿಲ್ಲ ನಾನು. ಬರ್ರಿ ಒಳಗ."

ನಾಗವ್ವ ಮಗಳ ಕಡೆಗೆ ನೋಡಲೂ ಇಲ್ಲ; ಅಗತ್ಯವಿರಲಿಲ್ಲ.

ಅಣ್ಣನ ಹಣೆಗೆ ಕುಂಕುಮ ಹಚ್ಚಿ ಪತ್ರಿಕೆ ಕೊಟ್ಟಳು. ಅವನು ಕನ್ನಡಕ ಹುಡುಕಿಸಿದ, ಒರೆಸಿದ, ಮೇಲಿನ ದೇವರಿಂದ ಹಿಡಿದು ಕೆಳಗಿನ ಅಚ್ಚುಕೂಟದ ಹೆಸರಿನವರೆಗೆ ಒಂದಕ್ಷರ ಬಿಡದೆ ಓದಿದ. ತನ್ನ ಹೆಸರು ಬಂದಲ್ಲಿ ಎರಡು ಸಲ ಓದಿದ. ಮುಗಿದಾಗ ಗಂಟೆ ಹನ್ನೆರಡು ಇಪ್ಪತ್ತಮೂರು.

"ನಿಂದರತೇನಿ," ಎಂದ. "ಪೂಜಾನ ಹಿಂದ ನಾನಲ್ಲದ ಮತ್ಯಾರು?"

ಚಹಾ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಅವನ ಹೆಂಡತಿಯ ಫೋನು ಕಿಣಿಗುಟ್ಟಿತು, ಅಂಗಿಯ ಕಿಸೆಯಲ್ಲಿ ಅವನದು, ಪಕ್ಕದ ಮನೆಯಲ್ಲೊಂದು. ಹಿತ್ತಲ ಗೋಡೆಯ ಮೇಲಿಂದ ಗುತ್ತೆಪ್ಪನ ತಲೆ ಮೂಡಿತು.

"ಕರಬಸಪ್ಪಾ, ನಿನ್ನ ತಂಗಿ ಮಗಳ ಮದುವಿ ಅಂತಲ್ಲೋ. ಈಗ ಫೋನಿನ್ಯಾಗ ಬಂತು."

ಕರಬಸಪ್ಪ ಪತ್ರಿಕೆಯನ್ನು ಗಾಳಿ ಬೀಸಿಕೊಳ್ಳುವಂತೆ ಅಲ್ಲಾಡಿಸಿದ. "ನಿಮಗೆಲ್ಲಾ ಈಗ ಗೊತ್ತಾತೇನು? ನನಗ ಯಾವಾಗೋ ಗೊತ್ತೈತಿ."

ಯಾವಾಗೋ ಎಂದರೆ ಏಳು ನಿಮಿಷ. ಶೀಲಾ ಗೋಡೆಗೊರಗಿ ಚಹಾ ಹೀರಿದಳು. ಸಕ್ಕರೆ ಬಹಳವಾಗಿತ್ತು, ಇನ್ನೊಂದು ಕಪ್ಪು ಕೇಳಿದಳು.